ಹೋಗುವಾಗ ರೈಲು, ಬರುವಾಗ ಸೈಕಲ್

ಕೊಪ್ಪಳದ ಓದುಗರೊಬ್ಬರ ಪತ್ರದ ಸಾರ ಇಷ್ಟು: ಡಿಸೆಂಬರ್ ರಜೆಯಲ್ಲಿ ತಮ್ಮ ಗೇರ್ ಸೈಕಲನ್ನು ರೈಲಿನಲ್ಲಿ ರಾಯಚೂರಿಗೆ ಒಯ್ದು, ಅಲ್ಲಿಂದ ಹಳ್ಳಿ ದಾರಿ ಹಿಡಿದು ಮೂರು ದಿನದಲ್ಲಿ ಊರು ಸೇರಬೇಕೆಂದಿದ್ದಾರೆ. ನಿಲ್ದಾಣವೊಂದರಲ್ಲಿ ವಿಚಾರಿಸಿದರೆ “ಪಾರ್ಸೆಲ್ ಮಾಡ್ರಿ, ನಾಳೆನೋ ನಾಡಿದ್ದೋ ಬರ್ತದ” ಎಂದರಂತೆ. ನಿಯಮ ಇಷ್ಟೇನಾ? ಲಾರಿಗಳ ಕಾಟವಿಲ್ಲದ ದಾರಿ ಯಾವುದು? ಹೋದ ಸಲ ಕಾರಟಗಿ ಹತ್ತಿರ ಒಂದೇ ಬೆಳಿಗ್ಗೆ ಮೂರು ಸಲ ಪಂಕ್ಚರ್ ಆಗಿದ್ದು ಏಕೆ?

ಸಂಪಾದಕರ ಉತ್ತರ:

ಪ್ರಿಯ ಓದುಗರೇ, ನೀವು ಹಾಕಿಕೊಂಡ ದಿಕ್ಕು ಸರಿಯಾಗಿದೆ. ಹೋಗುವಾಗ ರೈಲು, ಬರುವಾಗ ಸೈಕಲ್. ಇದನ್ನು ಉಲ್ಟಾ ಮಾಡಬೇಡಿ. ರೈಲಿನಲ್ಲಿ ಸೈಕಲ್‌ಗೆ ಜಾಗ ಸಿಗುತ್ತದೋ ಇಲ್ಲವೋ ಎಂಬುದು ಗಾಡಿ ಬರುವ ತನಕ ಖಾತ್ರಿಯಾಗುವುದಿಲ್ಲ. ಆ ಅನುಮಾನ ಪ್ರವಾಸದ ಮೊದಲ ದಿನ ಎದುರಾದರೆ ಮನೆಗೆ ಮರಳಿ ಮರುದಿನ ಹೊರಡಬಹುದು. ಕೊನೆಯ ದಿನ, ಕಾಲು ಸೋತು ರಜೆ ಮುಗಿದಾಗ ಎದುರಾದರೆ ಪರವೂರಿನ ಪ್ಲಾಟ್‌ಫಾರ್ಮಿನಲ್ಲಿ ಸೈಕಲ್ ಬಿಟ್ಟು ಬರಬೇಕಾಗುತ್ತದೆ.

ಗಾಳಿಯೂ ನಿಮ್ಮ ಕಡೆಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬಯಲಿನಲ್ಲಿ ಪಡುವಣ ಗಾಳಿ ಜೋರು. ಆಗ ಗದಗಿಗೋ ಹುಬ್ಬಳ್ಳಿಗೋ ರೈಲಿನಲ್ಲಿ ಹೋಗಿ ಪೂರ್ವಕ್ಕೆ ತುಳಿಯಬೇಕು. ನವೆಂಬರ್ ಕಳೆದ ಮೇಲೆ ಗಾಳಿ ಮೂಡಣದಿಂದ ಬೀಸುತ್ತದೆ, ರಾಯಚೂರು ಅಥವಾ ಬಳ್ಳಾರಿಯಿಂದ ಪಶ್ಚಿಮಕ್ಕೆ ಬರುವವರಿಗೆ ಬೆನ್ನಿಗಿರುತ್ತದೆ. ದಿನಕ್ಕೆ 80 ಕಿ.ಮೀ. ತುಳಿಯುವವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಪಾರ್ಸೆಲ್ ಮಾತು. ರೈಲ್ವೆಯಲ್ಲಿ ಸೈಕಲ್ ಕಳಿಸಲು ಎರಡು ಬಗೆಯಿವೆ. ಟಿಕೆಟ್ ಇಲ್ಲದೆ ಕಳಿಸಿದರೆ ಅದು ಪಾರ್ಸೆಲ್. ಯಾವ ಗಾಡಿಯಲ್ಲಿ ಜಾಗವಿದೆಯೋ ಅದರಲ್ಲಿ ಹೋಗುತ್ತದೆ, ನಾಳೆಯೋ ನಾಡಿದ್ದೋ. ನಿಮ್ಮ ಪ್ರಯಾಣದ ಟಿಕೆಟ್ ತೋರಿಸಿ ಬುಕ್ ಮಾಡಿದರೆ ಅದು ಲಗೇಜ್. ನೀವು ಕೂರುವ ಗಾಡಿಯ ಬ್ರೇಕ್‌ವ್ಯಾನ್‌ನಲ್ಲೇ, ಅಂದರೆ ಸಾಮಾನು ಹೇರುವ ಡಬ್ಬಿಯಲ್ಲೇ, ಅದೂ ಬರಬೇಕು. ಎರಡಕ್ಕೂ ಹೋಗಬೇಕಾದ್ದು ಬಹುತೇಕ ಅದೇ ಪಾರ್ಸೆಲ್ ಆಫೀಸಿಗೆ. ಆದ್ದರಿಂದ ಕಿಟಕಿಯ ಮುಂದೆ ನಿಂತಾಗ ಮೊದಲ ಮಾತಿನಲ್ಲೇ “ಟಿಕೆಟ್ ಐತಿ, ಲಗೇಜ್ ಬುಕಿಂಗ್ ಬೇಕು” ಎನ್ನಿ. ಸ್ಲೀಪರ್‌ಗೆ 40 ಕಿಲೋ, ಸೆಕೆಂಡ್ ಕ್ಲಾಸಿಗೆ 35 ಕಿಲೋ ಉಚಿತ ಸಾಮಾನಿನ ಲೆಕ್ಕ ಸೈಕಲ್‌ಗೆ ಅನ್ವಯಿಸುವುದಿಲ್ಲ. ಸೈಕಲ್, ಸ್ಕೂಟರ್‌ಗಳನ್ನು ಆ ರಿಯಾಯಿತಿಯಿಂದ ಹೊರಗಿಟ್ಟಿದ್ದಾರೆ, ದುಡ್ಡು ಕಟ್ಟಲೇಬೇಕು. ಬೋಗಿಯೊಳಗೆ ಒಯ್ಯಬಹುದಾದ ಪೆಟ್ಟಿಗೆಯ ಅಳತೆಗೂ ಮಿತಿಯಿದೆ: 100 × 60 × 25 ಸೆಂ.ಮೀ., ಎಸಿ ತ್ರೀ ಟಯರ್ ಮತ್ತು ಚೇರ್ ಕಾರ್‌ನಲ್ಲಿ ಇನ್ನೂ ಕಡಿಮೆ. 20 ಇಂಚು ಚಕ್ರದ ಮಡಚುವ ಸೈಕಲ್ಲೂ ದಪ್ಪದಲ್ಲಿ ಈ ಅಳತೆ ಮೀರುತ್ತದೆ. ವಂದೇ ಭಾರತ್ ರಾಯಚೂರಿನಲ್ಲಿ ನಿಲ್ಲುತ್ತದಾದರೂ ಅದರಲ್ಲಿ ಬ್ರೇಕ್‌ವ್ಯಾನ್ ಇಲ್ಲ, ಆ ಯೋಚನೆ ಬಿಡಿ.

ಲಗೇಜನ್ನು ಗಾಡಿ ಹೊರಡುವ ಅರ್ಧ ಗಂಟೆ ಮುಂಚೆ ಒಪ್ಪಿಸಬೇಕೆನ್ನುವುದು ನಿಯಮ. ನೀವು ಎರಡು ಗಂಟೆ ಮುಂಚೆ ಹೋಗಿ. ತೂಕ, ಚೀಟಿ, ಸಹಿ, ಹಮಾಲರನ್ನು ಗೊತ್ತುಮಾಡುವುದು, ಎಲ್ಲಕ್ಕೂ ಹೊತ್ತು ಹಿಡಿಯುತ್ತದೆ. “ಜಾಗ ಇಲ್ಲ” ಎನ್ನುವ ಉತ್ತರ ಸುಳ್ಳೇ ಆಗಿರಬೇಕಿಲ್ಲ. ಕೆಲವು ಗಾಡಿಗಳ ಬ್ರೇಕ್‌ವ್ಯಾನ್ ಜಾಗವನ್ನು ಗುತ್ತಿಗೆದಾರರಿಗೆ ಕೊಟ್ಟಿರುತ್ತಾರೆ, ಉಳಿದಷ್ಟರಲ್ಲಿ ಎಲ್ಲರ ಸಾಮಾನು ಹಿಡಿಸಬೇಕು. ಎರಡನೆಯ ಕಾರಣ ನಿಲುಗಡೆ. ಗಾಡಿ ಎರಡು ನಿಮಿಷ ನಿಲ್ಲುವಲ್ಲಿ ವ್ಯಾನಿನ ಬಾಗಿಲು ತೆಗೆದು ಏರಿಸಲು ಆಗುವುದಿಲ್ಲ. ಐದು ನಿಮಿಷಕ್ಕಿಂತ ಕಡಿಮೆ ನಿಲುಗಡೆಗೆ ಸಾಮಾನ್ಯವಾಗಿ ಒಪ್ಪುವುದೂ ಇಲ್ಲ. ಹಾಗಾಗಿ ಊರಿನ ನಿಲ್ದಾಣದಲ್ಲೇ ಹತ್ತಬೇಕೆಂಬ ಹಟ ಬೇಡ. ವೇಳಾಪಟ್ಟಿಯಲ್ಲಿ ಬರುವ ಹೊತ್ತು, ಹೊರಡುವ ಹೊತ್ತು ಎರಡನ್ನೂ ನೋಡಿ, ಹತ್ತುವಲ್ಲಿಯೂ ಇಳಿಯುವಲ್ಲಿಯೂ ಗಾಡಿ ಸಾಕಷ್ಟು ನಿಲ್ಲುವುದನ್ನೇ ಆರಿಸಿ. ನಿಮಗೆ ಹೊಸಪೇಟೆ ಅನುಕೂಲ. ಬೆಳಿಗ್ಗೆ ಬೇಗ ಗಿಣಿಗೇರಾ, ಹುಲಿಗಿ ಮೇಲಿಂದ ತುಳಿದುಕೊಂಡೇ ಅಲ್ಲಿಗೆ ಹೋಗಬಹುದು.

ರಾಯಚೂರಿನ ಪ್ರಯಾಣದಲ್ಲಿ ಗುಂತಕಲ್ಲಿನಲ್ಲಿ ಗಾಡಿ ಬದಲಿಸುವ ಪ್ರಸಂಗ ಬಂದರೆ ಎಚ್ಚರ. ಕೊನೆಯ ನಿಲ್ದಾಣದವರೆಗೆ ಒಂದೇ ಚೀಟಿ ಮಾಡಿಸಿದರೆ ಸೈಕಲ್ ಗುಂತಕಲ್ಲಿನಲ್ಲಿ ಇಳಿದು ಮುಂದಿನ ಗಾಡಿಗೆ ಯಾರಾದರೂ ಏರಿಸುವವರೆಗೆ ಕಾಯುತ್ತದೆ, ನೀವು ಮಾತ್ರ ಮುಂದೆ ಹೋಗಿರುತ್ತೀರಿ. ಗುಂತಕಲ್ಲಿಗೆ ಮಾತ್ರ ಬುಕ್ ಮಾಡಿ, ಅಲ್ಲಿ ಬಿಡಿಸಿಕೊಂಡು, ಹೊಸದಾಗಿ ರಾಯಚೂರಿಗೆ ಮಾಡಿಸಿ. ನಡುವೆ ಮೂರು ಗಂಟೆಯಾದರೂ ಇರಲಿ. ಖರ್ಚು ಹೆಚ್ಚಾದರೂ ಸೈಕಲ್ ಎಲ್ಲಿದೆ ಎಂಬುದು ಗೊತ್ತಿರುತ್ತದೆ.

ಬುಕಿಂಗ್ ಹೊತ್ತಿನಲ್ಲಿ ಸೈಕಲ್ಲಿನ ಬೆಲೆ ಘೋಷಿಸುವ ವಿಷಯ ಬಹಳ ಜನ ಕೇಳುವುದೇ ಇಲ್ಲ. ಬೆಲೆ ಬರೆಸಿ ಅದಕ್ಕೆ ತಕ್ಕ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ, ಲಗೇಜ್ ಕಳೆದರೂ ಕೆಟ್ಟರೂ ರೈಲ್ವೆಯ ಹೊಣೆ ಕಿಲೋಗೆ 100 ರೂಪಾಯಿ, ಪಾರ್ಸೆಲ್ ಆದರೆ 50. ಅಂದರೆ 15 ಕಿಲೋ ಸೈಕಲ್‌ಗೆ 1,500 ರೂಪಾಯಿ ಮಾತ್ರ. ಮೂವತ್ತು ಸಾವಿರದ ಸೈಕಲ್ ಇದ್ದವರು ಬೆಲೆ ಬರೆಸಲಿ. ರಶೀದಿ ಇಲ್ಲದೆ, ಯಾರದೋ ಮಾತಿನ ಮೇಲೆ ವ್ಯಾನಿಗೆ ಏರಿಸಿದ ಸಾಮಾನಿಗೆ 1989ರ ರೈಲ್ವೆ ಕಾಯ್ದೆಯ ಪ್ರಕಾರ ಇಲಾಖೆ ಹೊಣೆಯಲ್ಲ.

ಕಟ್ಟುವುದು ಹೇಗೆ? ರಟ್ಟಿನ ಡಬ್ಬಿ ವಿಮಾನಕ್ಕೆ ಸರಿ, ಬ್ರೇಕ್‌ವ್ಯಾನ್‌ಗೆ ಬೇಡ. ಡಬ್ಬಿ ಕಂಡರೆ ಅಡ್ಡ ಮಲಗಿಸಿ ಮೇಲೆ ಮೀನಿನ ಪೆಟ್ಟಿಗೆ, ಬಟ್ಟೆ ಮೂಟೆ ಹೇರುತ್ತಾರೆ. ಚಕ್ರದ ಮೇಲೆ ಉರುಳುವ ಸೈಕಲ್ಲಾದರೆ ಹಮಾಲರು ತಳ್ಳಿಕೊಂಡು ಹೋಗಿ ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ. ಆದ್ದರಿಂದ ಚಕ್ರ ಬಿಚ್ಚಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಎರಡು ಗೋಣಿಚೀಲ ಸೀಳಿ, ಸುಮಾರು ಹತ್ತು ಮೀಟರ್ ಸುತಳಿಯಲ್ಲಿ ಫ್ರೇಮ್, ಫೋರ್ಕ್, ಹ್ಯಾಂಡಲ್ಲಿನ ತುದಿಗಳಿಗೆ ಸುತ್ತಿ ಕಟ್ಟಿ. ಚೈನಿಗೆ ಹಳೇ ಬಟ್ಟೆ ಸುತ್ತಿ, ಇಲ್ಲದಿದ್ದರೆ ಗ್ರೀಸ್ ಮೆತ್ತುತ್ತದೆಂದು ಅದನ್ನು ಮೂಲೆಗೆ ತಳ್ಳುತ್ತಾರೆ. ಲೈಟು, ಪಂಪು, ನೀರಿನ ಬಾಟಲಿ, ಸೀಟಿನ ಚೀಲ ಎಲ್ಲ ಬಿಚ್ಚಿ ಕೈಯಲ್ಲಿಟ್ಟುಕೊಳ್ಳಿ. ಪೆಡಲ್‌ಗಳನ್ನು 15 ಮಿ.ಮೀ. ಸ್ಪ್ಯಾನರ್‌ನಿಂದ ತೆಗೆಯಿರಿ. ಎಡಗಡೆಯ ಪೆಡಲ್ಲಿನ ತಿರುಪು (ಥ್ರೆಡ್) ಉಲ್ಟಾ ಇರುತ್ತದೆ, ಬಲಗಡೆಯಂತೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಸ್ಪ್ಯಾನರ್ ಹಿಡಿ ಮೇಲಿರುವಾಗ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಸಡಿಲವಾಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹಿಂಗಡೆಯ ಡಿರೇಲರ್, ಅಂದರೆ ಗೇರ್ ಬದಲಿಸುವಾಗ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ. ಬುಕ್ ಮಾಡುವ ಮೊದಲು ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಏರಿಸಿ. ಆಗ ಡಿರೇಲರ್ ಒಳಕ್ಕೆ ಸರಿದು ಚಕ್ರದ ಮರೆಗೆ ಹೋಗುತ್ತದೆ. ಚಿಕ್ಕ ಹಲ್ಲುಚಕ್ರದಲ್ಲಿ ಬಿಟ್ಟರೆ ಹೊರಕ್ಕೆ ಚಾಚಿಕೊಂಡಿರುತ್ತದೆ. ಯಾವುದೋ ಮೂಟೆ ತಾಗಿದರೆ ಅದನ್ನು ಹಿಡಿದಿರುವ ಅಲ್ಯೂಮಿನಿಯಮ್ ಹ್ಯಾಂಗರ್ ಒಳಕ್ಕೆ ಬಗ್ಗುತ್ತದೆ. ನೋಡಿದರೆ ತಿಳಿಯುವುದಿಲ್ಲ. ಮೊದಲ ಏರಿನಲ್ಲಿ ಹಗುರ ಗೇರ್ ಹಾಕಿದಾಗ ಡಿರೇಲರ್ ಕಡ್ಡಿಗಳಿಗೆ ಸಿಕ್ಕಿ ಮುರಿಯುತ್ತದೆ. ಇಳಿದ ನಿಲ್ದಾಣದಲ್ಲೇ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ಎಲ್ಲ ಗೇರ್ ಹಾಕಿ ನೋಡಿ, ಬ್ರೇಕ್ ಒತ್ತಿ ನೋಡಿ. ನಿಮ್ಮ ಸೈಕಲ್ಲಿನ ಮಾದರಿಗೆ ಸರಿಹೊಂದುವ ಒಂದು ಹ್ಯಾಂಗರ್ ಚೀಲದಲ್ಲಿರಲಿ. ಒಂದೊಂದು ಸೈಕಲ್‌ಗೆ ಒಂದೊಂದು ಆಕಾರವಿದ್ದು, ಮಸ್ಕಿಯಲ್ಲೋ ಕನಕಗಿರಿಯಲ್ಲೋ ಹುಡುಕಿದರೆ ಸಿಗುವುದಿಲ್ಲ.

ಹೆಸರು, ಫೋನ್ ನಂಬರ್, ಹತ್ತುವ ಇಳಿಯುವ ನಿಲ್ದಾಣ ಬರೆದ ಚೀಟಿ ಎರಡಿರಲಿ. ಒಂದು ಕಟ್ಟಿದ್ದು, ಇನ್ನೊಂದು ಗೋಣಿಯ ಒಳಗೆ ಫ್ರೇಮಿಗೆ ಅಂಟಿಸಿದ್ದು. ನಿಲ್ದಾಣದ ಕೋಡನ್ನೂ ಬರೆಯಿರಿ: ಹೊಸಪೇಟೆಗೆ ಎಚ್‌ಪಿಟಿ, ಬಳ್ಳಾರಿಗೆ ಬಿಎವೈ, ರಾಯಚೂರಿಗೆ ಆರ್‌ಸಿ. ಗಾಡಿ ಬಂದಾಗ ವ್ಯಾನ್ ಮುಂದಿದೆಯೋ ಹಿಂದಿದೆಯೋ ಕೇಳಿಕೊಂಡು, ಸೈಕಲ್ ಒಳಗೆ ಹೋಗುವುದನ್ನು ಕಣ್ಣಾರೆ ನೋಡಿ ನಿಮ್ಮ ಬೋಗಿ ಹತ್ತಿ. ಇಳಿದ ಕೂಡಲೇ ಅದೇ ವ್ಯಾನಿನ ಕಡೆ ಓಡಿ.

ದಾರಿಯ ವಿಷಯದಲ್ಲಿ ನಮ್ಮದೊಂದು ಒತ್ತಾಯ: ಮೊದಲ ಸಲಕ್ಕೆ ರಾಯಚೂರು ಬಿಟ್ಟು ಬಳ್ಳಾರಿಯಿಂದ ಬನ್ನಿ. ಹೊಸಪೇಟೆಯಿಂದ ತೋರಣಗಲ್ಲು ಮೇಲೆ ಬಳ್ಳಾರಿಗೆ ಹೋಗುವ ಹೆದ್ದಾರಿ 67 ಅದಿರು ಲಾರಿಗಳ ದಾರಿ. ಕೆಂಧೂಳು, ಅಂಚಿನಲ್ಲಿ ಬಿದ್ದ ಅದಿರಿನ ಹರಳು, ಲಾರಿ ದಾಟುವಾಗಿನ ಗಾಳಿಯ ಸೆಳೆತ. ಸೈಕಲ್ ಸವಾರರಿಗೆ ಅಲ್ಲಿ ಜಾಗವಿಲ್ಲ. ಆ ತುಂಡನ್ನು ರೈಲಿಗೆ ಬಿಟ್ಟುಬಿಡಿ. ಅಮರಾವತಿ, ಹಂಪಿ ಎಕ್ಸ್‌ಪ್ರೆಸ್‌ಗಳು ಅದೇ ಹಳಿಯಲ್ಲಿ ಹೋಗುತ್ತವೆ, ಗುಂತಕಲ್ಲಿನ ಬದಲಾವಣೆಯ ತಲೆನೋವೂ ಇಲ್ಲ. ಬಳ್ಳಾರಿಯಿಂದ ಕುರುಗೋಡು, ಕಂಪ್ಲಿ, ಗಂಗಾವತಿ ಸುಮಾರು 70 ಕಿ.ಮೀ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ, ಡಿಸೆಂಬರಿನಲ್ಲಿ ಆ ಭಯವಿಲ್ಲ. ಮರುದಿನ ಗಂಗಾವತಿಯಿಂದ ಆನೆಗೊಂದಿ, ಸಾಣಾಪುರ, ಶಿವಪುರ ಮೇಲೆ ಮುನಿರಾಬಾದ್ ಸುಮಾರು 40 ಕಿ.ಮೀ. ಒಂದು ಕಡೆ ಬಂಡೆಗುಡ್ಡ, ಇನ್ನೊಂದು ಕಡೆ ಗದ್ದೆ; ಬೆಳಿಗ್ಗೆ ಒಂಬತ್ತರೊಳಗೆ ದಾಟಿದರೆ ಈ ಮೂರು ಜಿಲ್ಲೆಗಳಲ್ಲಿ ಇದಕ್ಕಿಂತ ಚಂದದ ಸೈಕಲ್ ದಾರಿ ಇನ್ನೊಂದಿಲ್ಲ ಎಂದು ನಮ್ಮ ಖಚಿತ ಅಭಿಪ್ರಾಯ.

ರಾಯಚೂರಿನಿಂದಲೇ ಬರುವುದಾದರೆ ಮಾನ್ವಿ–ಸಿಂಧನೂರು ರಸ್ತೆ ಬಿಟ್ಟು ಕಲ್ಲೂರು, ಸಿರವಾರ, ಕವಿತಾಳ ಮೇಲೆ ಮಸ್ಕಿಗೆ ಬನ್ನಿ. ಅಶೋಕನ ಹೆಸರೇ ಇರುವ, 1915ರಲ್ಲಿ ಬೆಳಕಿಗೆ ಬಂದ ಶಾಸನ ಇರುವುದು ಅಲ್ಲೇ. ಎರಡನೆಯ ದಿನ ಮುದಗಲ್, ತಾವರಗೇರಾ, ಕನಕಗಿರಿ, ಗಂಗಾವತಿ. ಇದು ಉದ್ದದ ದಿನ, ಕತ್ತಲಿರುವಾಗಲೇ ಚಹಾ ಕುಡಿದು ಹೊರಡಿ. ಮೂರನೆಯ ದಿನ ಮೇಲೆ ಹೇಳಿದ ಆನೆಗೊಂದಿ ದಾರಿ.

ಈಗ ಆ ಮೂರು ಪಂಕ್ಚರ್. ಮೂರೂ ಬಹುಶಃ ಒಂದೇ ಮುಳ್ಳಿನ ಕೆಲಸ. ಕಾಲುವೆ ದಂಡೆ, ರಸ್ತೆಯಂಚಿನ ಬಳ್ಳಾರಿ ಜಾಲಿ ಸವರಿದಾಗ ಮುಳ್ಳು ಡಾಂಬರಿನ ಮೇಲೆ ಬೀಳುತ್ತದೆ. ಟೈರಿಗೆ ಹೊಕ್ಕ ಮುಳ್ಳಿನ ಬುಡ ಮುರಿದು, ತುದಿ ಮಾತ್ರ ರಬ್ಬರಿನೊಳಗೆ ಉಳಿಯುತ್ತದೆ. ಕೈಯಾಡಿಸಿದರೆ ಸಿಗುವುದಿಲ್ಲ, ಭಾರ ಬಿದ್ದಾಗ ಮಾತ್ರ ಒಳಕ್ಕೆ ಚುಚ್ಚುತ್ತದೆ. ಟೈರ್ ಮೇಲಿನ ಕಂಪನಿಯ ಹೆಸರು ಯಾವಾಗಲೂ ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿ. ಟ್ಯೂಬಿನಲ್ಲಿ ತೂತು ಸಿಕ್ಕ ಕೂಡಲೇ, ವಾಲ್ವಿನಿಂದ ಅಷ್ಟೇ ದೂರಕ್ಕೆ ಟೈರಿನಲ್ಲಿ ಗುರುತು ಹಿಡಿಯಬಹುದು. ಆ ಜಾಗವನ್ನು ಒಳಮಗ್ಗುಲು ಹೊರಗೆ ಬರುವಂತೆ ಬಗ್ಗಿಸಿ, ಒಂದು ಚೂರು ಅರಳೆ ಸವರಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ, ಚಿಮಟದಿಂದ ಕೀಳಿ. ಬಿಸಿಲಲ್ಲಿ ನಿಂತು ಪ್ಯಾಚ್ ಹಾಕಬೇಡಿ. ಸೊಲ್ಯೂಷನ್ ಒಣಗಲು ನಾಲ್ಕೈದು ನಿಮಿಷ ಬಿಡುವ ತಾಳ್ಮೆ ಯಾರಿಗೂ ಇರುವುದಿಲ್ಲ, ಹಸಿ ಸೊಲ್ಯೂಷನ್ ಮೇಲೆ ಒತ್ತಿದ ಪ್ಯಾಚ್ ಸಂಜೆಗೆ ಏಳುತ್ತದೆ. ಎರಡು ಹೊಸ ಟ್ಯೂಬ್ ಒಯ್ಯಿರಿ, ಪ್ಯಾಚ್ ಕೆಲಸ ರಾತ್ರಿ ಲಾಡ್ಜಿನಲ್ಲಿ. 35 ಮಿ.ಮೀ. ಟೈರಿಗೆ, 70 ಕಿಲೋ ಮನುಷ್ಯನಿಗೆ, ಮುಂದೆ 45 ಹಿಂದೆ 55 ಪಿಎಸ್‌ಐ ಗಾಳಿ ಸಾಕು.

ಮಳೆ ಬಿದ್ದರೆ ಎರಿ (ಕಪ್ಪು ಮಣ್ಣಿನ) ನೆಲದ ಕಚ್ಚಾ ದಾರಿಗೆ ಇಳಿಯಲೇಬೇಡಿ. ಮಸಾರಿ (ಕೆಂಪು ಮಣ್ಣಿನ) ನೆಲ ಬೇಗ ಬಸಿಯುತ್ತದೆ, ಎರಿ ಮಣ್ಣು ಹತ್ತು ಸುತ್ತು ತಿರುಗುವಷ್ಟರಲ್ಲಿ ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ತುಂಬಿ ಚಕ್ರವನ್ನೇ ನಿಲ್ಲಿಸುತ್ತದೆ. ಜಬರದಸ್ತಿ ತುಳಿದರೆ ಮತ್ತೆ ಅದೇ ಹ್ಯಾಂಗರ್ ಮುರಿಯುತ್ತದೆ. ಗಂಗಾವತಿ, ಕಾರಟಗಿ ಸೀಮೆಯಲ್ಲಿ ಡಿಸೆಂಬರ್ ಭತ್ತದ ಒಕ್ಕಲಿನ ಕಾಲ. ರಸ್ತೆಯಲ್ಲಿ ಒಣಹಾಕಿದ ಭತ್ತ, ಹುಲ್ಲು ಕಂಡರೆ ಇಳಿದು ನಡೆಯಿರಿ. ಸೈಕಲ್ ಓಡಿಸಿದರೆ ಹುಲ್ಲಿನ ಎಳೆ ಡಿರೇಲರ್‌ಗೆ ಸುತ್ತಿಕೊಳ್ಳುತ್ತದೆ; ಇಳಿದು ನಡೆದರೆ ಒಣಹಾಕಿದವರ ಬೆಳೆಯೂ ತುಳಿತಕ್ಕೆ ಸಿಗುವುದಿಲ್ಲ. ಕತ್ತಲಾದ ಮೇಲೆ ಲೈಟಿಲ್ಲದ ಟ್ರೇಲರ್‌ಗಳು ಓಡಾಡುತ್ತವೆ, ಸಂಜೆ ಐದೂವರೆಗೆ ಊರು ಮುಟ್ಟಿರಿ.

ನೀರು ಮೂರು ಲೀಟರ್, ಒಂದು ಲೀಟರಿಗೆ ಒಂದರಂತೆ ಎರಡು ಓಆರ್‌ಎಸ್ ಪೊಟ್ಟಣ. ತಿನ್ನಲು ದಾರಿಯುದ್ದಕ್ಕೂ ಒಗ್ಗರಣಿ–ಮಿರ್ಚಿ ಇದ್ದೇ ಇದೆ.

ಹೊರಡುವ ದಿನ ಗೊತ್ತುಮಾಡುವಾಗ ಪಂಚಾಂಗ ನೋಡಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಯಿರುವ ಹುಲಿಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾರ್ಗಶಿರದಲ್ಲಿ ಹನುಮಮಾಲೆ ವಿಸರ್ಜನೆಯ ದಿನ ಅಂಜನಾದ್ರಿ ಮುಂದಿನ ದಾರಿ, ಅಂದರೆ ನಿಮ್ಮ ಆನೆಗೊಂದಿ ದಾರಿಯೇ, ಗಾಡಿಗಳಿಂದ ತುಂಬಿರುತ್ತದೆ. ಪ್ರವಾಸ ಜನವರಿಗೆ ಮುಂದೂಡಿದರೆ ಗವಿಮಠದ ಜಾತ್ರೆಯ ವಾರ ಬಿಟ್ಟು ಇಟ್ಟುಕೊಳ್ಳಿ. ಆಗ ಕೊಪ್ಪಳಕ್ಕೆ ಬರುವ ಎಲ್ಲ ರಸ್ತೆಗಳಲ್ಲೂ ಟ್ರ್ಯಾಕ್ಟರ್ ಸಾಲು ಇರುತ್ತದೆ.