ಟ್ರ್ಯಾಪ್‌ಗೂ ಬೇಟೆಗೂ ಒಂದೇ ಕೋವಿ: ಸ್ಟಾಕ್ ಯಾವುದಿರಲಿ?

ಟ್ರ್ಯಾಪ್ ಶೂಟಿಂಗ್‌ಗೂ (ಯಂತ್ರ ಎಸೆಯುವ ಮಣ್ಣಿನ ಬಿಲ್ಲೆಗಳನ್ನು ಹಾರುವಾಗಲೇ ಹೊಡೆಯುವ ಆಟ) ಹಕ್ಕಿ ಬೇಟೆಗೂ ಒಂದೇ ಶಾಟ್‌ಗನ್, ಅಂದರೆ ಚರೆ ಹಾರಿಸುವ ಕೋವಿ, ಕೊಳ್ಳಬೇಕೆಂದಿದ್ದೀರಿ. ಕೋವಿಯ ಸ್ಟಾಕ್‌ಗೆ, ಅಂದರೆ ಹೆಗಲಿಗೆ ಒರಗುವ ಹಿಂಭಾಗಕ್ಕೆ, ಕೆಳಕ್ಕೆ ಬಾಗಿದ ಪಿಸ್ತೂಲು ಹಿಡಿಯೋ, ನೇರ ಹಿಡಿಯೋ, ಇಲ್ಲ ಕೆನ್ನೆ ಒರಗುವ ಕಡೆ ಎತ್ತರಿಸಿದ ಮಾಂಟೆ ಕಾರ್ಲೋ ಸ್ಟಾಕೋ ಎಂದು ಕೇಳಿದ್ದೀರಿ. ನಾನಾದರೆ ಹಿಡಿಯ ಆಕಾರವನ್ನು ಕೊನೆಗೆ ನೋಡುತ್ತೇನೆ. ಗುರಿ ಕಣ್ಣಿಗೆ ಬೀಳುವ ಹೊತ್ತಿಗೆ ಕೋವಿ ಆಗಲೇ ಹೆಗಲ ಮೇಲಿರುತ್ತದೆಯೋ, ಆಮೇಲೆ ಏರಬೇಕೋ ಎಂಬುದೇ ಮೊದಲ ಪ್ರಶ್ನೆ.

ಟ್ರ್ಯಾಪ್‌ನಲ್ಲಿ ಕೋವಿಯನ್ನು ಹೆಗಲಿಗಿಟ್ಟು, ಕೆನ್ನೆ ಒತ್ತಿ, ಸಾವಕಾಶವಾಗಿ ನಿಂತುಕೊಂಡೇ ಬಿಲ್ಲೆ ಹಾರಿಸಲು ಕೂಗು ಹಾಕುತ್ತೇವೆ. ಬಿಲ್ಲೆ ಮೇಲೇರುತ್ತಾ ದೂರ ಹೋಗುತ್ತದೆ. ಹಾಗಾಗಿ ಕೆನ್ನೆ ಒರಗುವ ಮೇಲಂಚು, ಅಂದರೆ ಕೋಂಬ್, ತುಸು ಎತ್ತರವಿದ್ದು ಚರೆ ಮೇಲಕ್ಕೆ ಹೋಗುವಂತಿದ್ದರೆ ಬಿಲ್ಲೆಯನ್ನು ನಳಿಗೆಯಿಂದ ಮರೆಮಾಡದೆ ಹೊಡೆಯಬಹುದು. ಮಾಂಟೆ ಕಾರ್ಲೋದ ಕೋಂಬ್ ನಳಿಗೆಗೆ ಹೆಚ್ಚುಕಡಿಮೆ ಸಮಾನಾಂತರ. ಕೆನ್ನೆ ಹಿಂದೆ ಮುಂದೆ ಸರಿದರೂ ಕಣ್ಣಿನ ಮಟ್ಟ ಬದಲಾಗುವುದಿಲ್ಲ, ಒದೆತವೂ ಕೆನ್ನೆಯ ಮೂಳೆಗೆ ಅಷ್ಟಾಗಿ ತಾಗುವುದಿಲ್ಲ. ದಿನವಿಡೀ ಈಡು ಹಾರಿಸುವವರಿಗೆ ಇದು ಸಣ್ಣ ಮಾತಲ್ಲ.

ಬೇಟೆಯ ಲೆಕ್ಕವೇ ಬೇರೆ. ನಡೆಯುತ್ತಿರುವಾಗ ಹಕ್ಕಿ ಪುರ್ರೆಂದು ಏಳುತ್ತದೆ. ಕೋವಿ ಕಂಕುಳಿನ ಕೆಳಗಿನಿಂದ ಹೆಗಲಿಗೆ ಬರಬೇಕು. ಉದ್ದನೆಯ ಸ್ಟಾಕಿನ ಹಿಂತುದಿ ದಪ್ಪ ಜಾಕೆಟ್ಟಿಗೆ ಸಿಕ್ಕಿಕೊಳ್ಳುವುದು ಆಗಲೇ. ಸ್ವಲ್ಪ ಗಿಡ್ಡ ಸ್ಟಾಕ್, ಹಿಂದಕ್ಕೆ ಇಳಿಜಾರಾದ ಸಾಮಾನ್ಯ ಕೋಂಬ್, ನುಣುಪಾದ ಹಿಂತುದಿ ಇಲ್ಲಿ ಅನುಕೂಲ. ಎರಡು ಬದಿಗಳಿಂದ ಹಾರುವ ಬಿಲ್ಲೆಗಳನ್ನು ಹೊಡೆಯುವ ಒಲಿಂಪಿಕ್ ಸ್ಕೀಟ್‌ನಲ್ಲಿಯೂ ಬಿಲ್ಲೆ ಕಾಣುವವರೆಗೆ ಸ್ಟಾಕ್ ಸೊಂಟದ ಬಳಿಯೇ ಇರಬೇಕು. ಆ ಕೋವಿ ಬೇಟೆಯ ಕೋವಿಗೆ ಹತ್ತಿರದ ನೆಂಟ.

ಕೋಂಬ್ ಬಗ್ಗೆ ಇಷ್ಟು ಹಟ ಏಕೆಂದರೆ ಶಾಟ್‌ಗನ್‌ಗೆ ಸಾಮಾನ್ಯವಾಗಿ ಹಿಂದಿನ ಗುರಿಕಂಡಿ ಇರುವುದಿಲ್ಲ. ನಿಮ್ಮ ಕಣ್ಣೇ ಅದು. ಕೋಂಬ್ 1/16 ಅಂಗುಲ ಎತ್ತರವಾದರೆ 16 ಗಜದಲ್ಲಿ ಚರೆ ಸುಮಾರು ಒಂದು ಅಂಗುಲ, 40 ಗಜದಲ್ಲಿ ಎರಡೂವರೆ ಅಂಗುಲ ಮೇಲೆ ಬೀಳುತ್ತದೆ.

ಹಿಡಿಯ ವಿಚಾರ ಚಿಕ್ಕದು. ಎರಡು ಟ್ರಿಗರ್‌ಗಳ ಜೋಡುನಳಿಗೆ ಕೋವಿಗೆ ನೇರ ಹಿಡಿ ಚೆಂದ, ಕೈ ಹಿಂದೆ ಮುಂದೆ ಜಾರುತ್ತದೆ. ಒಂದೇ ಟ್ರಿಗರ್ ಇದ್ದರೆ ಪಿಸ್ತೂಲು ಹಿಡಿ ಸಾಕು.

ಕೊಳ್ಳುವ ಮೊದಲು ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಯಾರೂ ಇಲ್ಲದ ಕಡೆಗೆ ನಳಿಗೆ ತಿರುಗಿಸಿ, ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೆ ತನ್ನಿ. ಕಣ್ಣು ತೆರೆದಾಗ ತುದಿಯ ಮಣಿ ಕಾಣದೆ ಕೋವಿಯ ಹಿಂಭಾಗವೇ ಅಡ್ಡ ಬಂದರೆ ಕೋಂಬ್ ತಗ್ಗು. ನಳಿಗೆಯ ಮೇಲಿನ ಪಟ್ಟಿ ಉದ್ದಕ್ಕೂ ಬಿಚ್ಚಿಕೊಂಡರೆ ಎತ್ತರ. ಬೇಟೆಯ ಜಾಕೆಟ್ ತೊಟ್ಟು ಮತ್ತೊಮ್ಮೆ ನೋಡಿ. ನೀವು ಎಡಗೈಯವರಾದರೆ ಸ್ಟಾಕ್ ಯಾವ ಪಕ್ಕಕ್ಕೆ ಬಾಗಿದೆ ಎಂಬುದನ್ನೂ ಹಿಂದಿನಿಂದ ಗಮನಿಸಿ, ಹೆಚ್ಚಿನವು ಬಲಗೈಯವರಿಗೆಂದೇ ಮಾಡಿದವು.

ಒಂದೇ ಕೋವಿ ಎಂದಾದರೆ ಕೋಂಬ್ ಏರಿಸಿ ಇಳಿಸಬಹುದಾದ ಸ್ಪೋರ್ಟಿಂಗ್ ಮಾದರಿ (ಬೇಟೆಯಂತೆ ನಾನಾ ಕಡೆಯಿಂದ ಹಾರುವ ಬಿಲ್ಲೆಗಳಿಗೆಂದು ಮಾಡಿದ್ದು) ನನ್ನ ಆಯ್ಕೆ. ಅದು ದುಬಾರಿ ಎನಿಸಿದರೆ ಕೋಂಬ್ ತುಸು ತಗ್ಗಿರುವ ಬೇಟೆ ಕೋವಿ ಕೊಂಡು, ಟ್ರ್ಯಾಪ್ ದಿನ ಅಂಟಿಸುವ ಕೆನ್ನೆಪಟ್ಟಿ ಹಾಕಿಕೊಳ್ಳಿ. ಎತ್ತರದ ಮರವನ್ನು ಕೆತ್ತಿಸಿದರೆ ಮತ್ತೆ ಕೂಡಿಸಲಾಗದು.