ಬಿಪಿ ಮಾತ್ರೆ, ಪಾದದ ಊತ

“ಬಿಪಿ ಮಾತ್ರೆ ರಕ್ತವನ್ನು ತೆಳು ಮಾಡುತ್ತದೆ ಎಂದು ನಮ್ಮಣ್ಣ ಹೇಳುತ್ತಾರೆ. ರಕ್ತನಾಳ ಸಡಿಲ ಮಾಡುತ್ತದೆ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಯಾವುದು ನಿಜ? ಆಮ್ಲೋಡಿಪಿನ್ ಶುರು ಮಾಡಿದ ಮೇಲೆ ಸಂಜೆ ಹೊತ್ತಿಗೆ ನನ್ನ ಎರಡೂ ಪಾದ ಊದುತ್ತಿವೆ. ನಾಳ ಸಡಿಲವಾದರೆ ಊತ ಬರಬಾರದಲ್ವಾ?” – ಒಬ್ಬ ಓದುಗರು

ಸಂಪಾದಕರ ಉತ್ತರ:

ನಿಮ್ಮಣ್ಣನವರು ಬೇರೆ ಮಾತ್ರೆಯ ಕೆಲಸವನ್ನು ಇದರ ತಲೆಗೆ ಕಟ್ಟಿದ್ದಾರೆ. ಆಸ್ಪಿರಿನ್, ವಾರ್ಫರಿನ್‌ನಂಥವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಜನ ‘ರಕ್ತ ತೆಳು ಮಾಡುವ ಮಾತ್ರೆ’ ಅನ್ನುವುದು ಅವನ್ನೇ. (ನಿಜಕ್ಕೂ ಅವೂ ತೆಳು ಮಾಡುವುದಿಲ್ಲ, ಅದಿರಲಿ.) ಆಮ್ಲೋಡಿಪಿನ್‌ಗೆ ರಕ್ತದ ಗೊಡವೆಯೇ ಇಲ್ಲ. ನಾಳದಲ್ಲಿ ಕಟ್ಟಿಕೊಂಡ ಕೊಬ್ಬನ್ನೂ ಅದು ಕರಗಿಸುವುದಿಲ್ಲ.

ಅದು ಹಿಡಿಯುವುದು ನಾಳದ ಗೋಡೆಯಲ್ಲಿರುವ ಸ್ನಾಯುವನ್ನು. ಹೃದಯದಿಂದ ರಕ್ತ ತರುವ ಸಣ್ಣ ಅಪಧಮನಿಗಳ ಸುತ್ತ ಈ ಸ್ನಾಯು ಸದಾ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗಿದಷ್ಟೂ ಬಿಗಿ ಜಾಸ್ತಿ. ಆಮ್ಲೋಡಿಪಿನ್ ಆ ಕ್ಯಾಲ್ಸಿಯಂ ಬರುವ ದಾರಿಯನ್ನು ಅಷ್ಟಿಷ್ಟು ಮುಚ್ಚುತ್ತದೆ. ಸ್ನಾಯು ಸಡಿಲವಾಗುತ್ತದೆ, ನಾಳ ಅಗಲವಾಗುತ್ತದೆ. ಹಾಗಾದರೆ ಕೈಕಾಲಿನ ಸ್ನಾಯುಗಳೂ ಸೋಲಬೇಕಲ್ವಾ? ಇಲ್ಲ. ಅವು ತಮ್ಮೊಳಗೇ ಕೂಡಿಟ್ಟ ಕ್ಯಾಲ್ಸಿಯಂನಿಂದ ಕೆಲಸ ಮಾಡುತ್ತವೆ, ಹೊರಗಿನಿಂದ ಬರುವುದಕ್ಕೆ ಕಾಯುವುದಿಲ್ಲ.

ನಾಳ ತುಂಬಾ ಅಗಲವಾಗಬೇಕು ಅಂತೇನೂ ಇಲ್ಲ. ಲೆಕ್ಕದ ಪ್ರಕಾರ, ನಾಳವೊಂದರ ಅಗಲ ಬರೀ ಶೇ. 10ರಷ್ಟು ಹೆಚ್ಚಿದರೂ ರಕ್ತದ ಹರಿವಿಗೆ ಅದು ಒಡ್ಡುವ ತಡೆ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಬಿಪಿ ಇಳಿಯುವುದು ಹೀಗೆ.

ಇನ್ನು ನಿಮ್ಮ ಪಾದ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ, ಯಾಕೆಂದರೆ ಊತಕ್ಕೂ ಕಾರಣ ಆ ಸಡಿಲಿಕೆಯೇ. ಆಮ್ಲೋಡಿಪಿನ್ ರಕ್ತ ತರುವ ನಾಳಗಳನ್ನು ಚೆನ್ನಾಗಿ ಅಗಲಿಸುತ್ತದೆ, ವಾಪಸ್ ಒಯ್ಯುವ ಅಭಿಧಮನಿಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಡುವಿನ ಕೂದಲೆಳೆಯಂಥ ನಾಳಗಳಲ್ಲಿ ಒತ್ತಡ ಏರಿ, ನೀರಿನಂಶ ಹೊರಕ್ಕೆ ಜಿನುಗುತ್ತದೆ. ನಿಂತು ಕೂತು ದಿನ ಕಳೆದರೆ ಅದು ಪಾದಕ್ಕೇ ಇಳಿಯುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿ ಬಂದ ಊತ ಅಲ್ಲದ್ದರಿಂದ, ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಇದಕ್ಕೆ ಹೆಚ್ಚೇನೂ ಉಪಯೋಗವಿಲ್ಲ. ಡೋಸ್ ಇಳಿಸಿದರೆ ಸಾಮಾನ್ಯವಾಗಿ ಊತವೂ ಇಳಿಯುತ್ತದೆ. ಇಲ್ಲವೇ ವೈದ್ಯರು ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಇನ್ನೊಂದು ಮಾತ್ರೆ ಸೇರಿಸಬಹುದು. ಅವು ಅಭಿಧಮನಿಗಳನ್ನೂ ಸಡಿಲಿಸುವುದರಿಂದ ಊತ ಕಡಿಮೆಯಾಗುತ್ತದೆ.

ಈ ಎರಡರ ದಾರಿ ಬೇರೆ. ನಾಳವನ್ನು ಬಿಗಿ ಮಾಡುವ ಆಂಜಿಯೊಟೆನ್ಸಿನ್-2 ಎಂಬ ವಸ್ತು ನಮ್ಮ ದೇಹದಲ್ಲೇ ತಯಾರಾಗುತ್ತದೆ. ರಾಮಿಪ್ರಿಲ್ ಅದರ ತಯಾರಿಯನ್ನು ತಗ್ಗಿಸುತ್ತದೆ. ಟೆಲ್ಮಿಸಾರ್ಟಾನ್ ಅದನ್ನು ನಾಳದ ಸ್ನಾಯುವಿಗೆ ತಾಗದಂತೆ ತಡೆಯುತ್ತದೆ. ರಾಮಿಪ್ರಿಲ್ ಗುಂಪಿನ ಮೊದಲ ಮಾತ್ರೆ ಕ್ಯಾಪ್ಟೊಪ್ರಿಲ್ ರೂಪುಗೊಳ್ಳಲು ಸುಳಿವು ಸಿಕ್ಕಿದ್ದು ಬ್ರೆಜಿಲ್‌ನ ಹಾವೊಂದರ ವಿಷದಿಂದ. ಈ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಬಂದರೆ ಕೆಮ್ಮಿನ ಸಿರಪ್ ಹುಡುಕಬೇಡಿ, ವೈದ್ಯರಿಗೆ ಹೇಳಿ.

ಆಮ್ಲೋಡಿಪಿನ್ ಅನ್ನು ನೀವೇ ನಿಲ್ಲಿಸಬೇಡಿ, ಊತದ ವಿಷಯ ಈ ವಾರವೇ ವೈದ್ಯರ ಕಿವಿಗೆ ಹಾಕಿ. ಆದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಅಥವಾ ಮಲಗಿದಾಗ ಉಸಿರು ಕಟ್ಟುತ್ತಿದ್ದರೆ, ಮಾತ್ರೆಯದೇ ಇರಬೇಕು ಅಂತ ಸುಮ್ನೆ ಕೂರಬೇಡಿ. ಅಂದೇ ತೋರಿಸಿ.