ಮೈಸೂರಿನಲ್ಲಿ ಅಂತ್ಯಕ್ರಿಯೆ ಮಾಡಿಸಿಕೊಡುವವರನ್ನು ಗೊತ್ತುಮಾಡುವಾಗ ಏನೇನು ನೋಡಬೇಕು?

ಅತ್ತೆಯವರಿಗೆ ಕ್ಯಾನ್ಸರ್ ಕೊನೆಯ ಹಂತ, ಸರಸ್ವತಿಪುರಂನ ಮೊದಲನೇ ಮಹಡಿ ಮನೆಯಲ್ಲೇ ನೋಡಿಕೊಳ್ಳುತ್ತಿದ್ದೀರಿ, ಮೈದುನ ಅಮೆರಿಕದಿಂದ ಬರಬೇಕು, ಊರು ಪಾಂಡವಪುರದ ಹತ್ತಿರ, ಮೂರು ಕಡೆ ವಿಚಾರಿಸಿದರೆ ಮೂವರೂ ಬೇರೆ ಬೇರೆ ಪ್ಯಾಕೇಜ್ ಹೇಳುತ್ತಿದ್ದಾರೆ, ಯಾರಿಗೆ ಒಪ್ಪಿಸುವುದು ಎಂದು ಕೇಳಿದ್ದೀರಿ. ಜೀವ ಇರುವಾಗಲೇ ಇದನ್ನೆಲ್ಲ ವಿಚಾರಿಸುವುದು ಅಪಶಕುನ ಎಂದು ಮನೆಯಲ್ಲಿ ಬೈದರು ಅಂತಲೂ ಬರೆದಿದ್ದೀರಿ. ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ರಾತ್ರಿ ಎರಡು ಗಂಟೆಗೆ ಅಳುತ್ತಾ ಯಾವುದೋ ನಂಬರಿಗೆ ಫೋನ್ ಮಾಡಿದರೆ ದುಡ್ಡೂ ಹೋಗುತ್ತದೆ, ಕೆಲಸವೂ ಕೆಡುತ್ತದೆ. ಈಗ ವಿಚಾರಿಸುತ್ತಿರುವುದೂ ನೀವು ಅವರಿಗೆ ಮಾಡುತ್ತಿರುವ ಸೇವೆಯೇ.

ಪ್ಯಾಕೇಜಿನ ಮೊತ್ತ ಆಮೇಲೆ ನೋಡೋಣ. ಆ ಮೂವರು ಫೋನಿನಲ್ಲಿ ನಿಮ್ಮನ್ನು ಏನೇನು ಕೇಳಿದರು, ನೆನಪು ಮಾಡಿಕೊಳ್ಳಿ. ಕೆಲಸ ಬಲ್ಲವರು ರೇಟು ಹೇಳುವ ಮೊದಲು ಕೇಳುತ್ತಾರೆ: ಎಷ್ಟನೇ ಮಹಡಿ, ಮೆಟ್ಟಿಲು ತಿರುಗುವ ಕಡೆ ಎಷ್ಟು ಅಗಲ, ಮೈತೂಕ ಅಂದಾಜು ಎಷ್ಟು, ಪೇಸ್‌ಮೇಕರ್ ಇದೆಯಾ, ಯಾವ ಡಾಕ್ಟರ್ ನೋಡುತ್ತಿದ್ದಾರೆ, ದೂರದಿಂದ ಬರುವವರು ಯಾರು, ಸುಡುವ ಪದ್ಧತಿಯೋ ಹೂಳುವ ಪದ್ಧತಿಯೋ, ಪುರೋಹಿತರು ನಿಮ್ಮವರೇ ಬರುತ್ತಾರೋ. ಇದ್ಯಾವುದನ್ನೂ ಕೇಳದೆ 'ಎಲ್ಲಾ ನಮಗೆ ಬಿಡಿ' ಎಂದವರನ್ನು ನಾನಾದರೆ ಅಲ್ಲಿಗೇ ಬಿಡುತ್ತೇನೆ. ಮಹಡಿ ಕೇಳದವರು ಆ ದಿನ ಇಬ್ಬರನ್ನು ಕಳಿಸುತ್ತಾರೆ, ಮೆಟ್ಟಿಲಿಳಿಸಲು ನಾಲ್ವರು ಬೇಕಾಗುತ್ತದೆ. ಆಗ ನಿಮ್ಮ ಯಜಮಾನರೇ ಭುಜ ಕೊಟ್ಟು ಗೋಡೆಗೆ ಒರಗಿಕೊಂಡು ಇಳಿಸಬೇಕಾಗುತ್ತದೆ. ಬೆಲ್ಟ್ ಇರುವ ಸ್ಟ್ರೆಚರ್ ತರುತ್ತೀರಾ ಎಂದು ಬಾಯಿಬಿಟ್ಟು ಕೇಳಿ.

ಇನ್ನು ಕಾಗದಪತ್ರ. ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ. ಮನೆಯಲ್ಲೇ ಉಸಿರು ನಿಂತ ಮೇಲೆ ಗಾಬರಿಯಲ್ಲಿ ಆಂಬುಲೆನ್ಸ್ ಹತ್ತಿಸಿ ಆಸ್ಪತ್ರೆಗೆ ಒಯ್ದರೆ ಅಲ್ಲಿಯವರು 'ತರುವಾಗಲೇ ಮೃತ' ಎಂದು ಬರೆಯುತ್ತಾರೆ. ಕಾರಣ ಗೊತ್ತಿಲ್ಲದ ಸಾವಿಗೆ ಅವರು ಸರ್ಟಿಫಿಕೇಟ್ ಕೊಡಲಾರರು, ಪೊಲೀಸರಿಗೆ ತಿಳಿಸುವುದೂ ಉಂಟು. ಅಲ್ಲಿಂದ ಶವಾಗಾರ, ಪಂಚನಾಮೆ, ಪೋಸ್ಟ್‌ಮಾರ್ಟಂ ಎಂದು ಒಂದು ದಿನ ಹೋಗುತ್ತದೆ. ಕಾಯಿಲೆ ಗೊತ್ತಿದ್ದು ಮನೆಯಲ್ಲೇ ನೋಡಿಕೊಳ್ಳುತ್ತಿರುವಾಗ ಇದಕ್ಕೆ ಅವಕಾಶ ಕೊಡಬಾರದು. ಅವರನ್ನು ನೋಡುತ್ತಿರುವ ಡಾಕ್ಟರ ಹತ್ತಿರ ಈ ವಾರವೇ ಕೇಳಿ: 'ಮನೆಯಲ್ಲೇ ಹೋದರೆ ನೀವು ಬಂದು ನೋಡಿ ಬರೆದುಕೊಡುತ್ತೀರಾ? ರಾತ್ರಿಯಾದರೆ ಯಾರಿಗೆ ಫೋನ್ ಮಾಡಲಿ?' ಮನೆಯಲ್ಲಾದ ಸಾವಿಗೆ ಕಾರಣ ಬರೆಯುವ ಫಾರಂ 4ಎ, ಆಸ್ಪತ್ರೆಯಲ್ಲಾದರೆ ಫಾರಂ 4. ಡಿಸ್ಚಾರ್ಜ್ ಸಮರಿ, ಬಯಾಪ್ಸಿ ವರದಿ, ಅವರ ಆಧಾರ್, ಅರ್ಜಿ ಹಾಕುವವರ ಆಧಾರ್ ಎಲ್ಲ ಒಂದೇ ಕವರಿನಲ್ಲಿರಲಿ. ರುದ್ರಭೂಮಿಯಲ್ಲೂ ಡಾಕ್ಟರ ಪತ್ರ ಕೇಳುತ್ತಾರೆ, ಎರಡು ಮೂರು ಜೆರಾಕ್ಸ್ ಇಟ್ಟುಕೊಳ್ಳಿ.

ಪ್ರಾಣ ಹೋದ ಮೊದಲ ಎರಡು ಗಂಟೆಯ ಕೆಲಸ ಮನೆಯವರದೇ. ಮೈ ಸೆಡೆತುಕೊಳ್ಳುವುದು ಎರಡರಿಂದ ನಾಲ್ಕು ಗಂಟೆಯೊಳಗೆ ದವಡೆ, ಕತ್ತಿನಿಂದ ಶುರುವಾಗಿ, ಹನ್ನೆರಡು ಗಂಟೆಯ ಹೊತ್ತಿಗೆ ಇಡೀ ಮೈಗೆ ಹರಡುತ್ತದೆ. ಅದು ಶುರುವಾಗುವ ಮೊದಲೇ ಕಣ್ಣು ಮುಚ್ಚಿ, ಗಲ್ಲದಿಂದ ನೆತ್ತಿಗೆ ಬಟ್ಟೆಪಟ್ಟಿ ಕಟ್ಟಿ, ಕೈಕಾಲು ನೇರ ಮಾಡಿ, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಬೇಕು. ಬಳೆ, ಉಂಗುರ ತೆಗೆಯುವುದೂ ಆಗಲೇ. ಬಿಗಿಯಾಗಿದ್ದರೆ ಬೆರಳಿಗೆ ದಾರ ಒತ್ತಾಗಿ ಸುತ್ತಿ ಎಣ್ಣೆ ಸವರಿದರೆ ಜಾರುತ್ತದೆ. ಮೂತ್ರದ ಕ್ಯಾತಿಟರ್, ಮೂಗಿನ ನಳಿಕೆ, ಡ್ರಿಪ್ ಸೂಜಿ ತೆಗೆಯಲು ನರ್ಸನ್ನು ಕರೆಸಿ, ಎಳೆದು ಕೀಳಬೇಡಿ. ಪೇಸ್‌ಮೇಕರ್ ಇದ್ದರೆ ಡಾಕ್ಟರಿಂದ ತೆಗೆಸಲೇಬೇಕು. ಅದರ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ, ಚಿತಾಗಾರದ ಕುಲುಮೆಯ ಗೋಡೆಗೂ ಎದುರಿಗೆ ನಿಂತವರಿಗೂ ಪೆಟ್ಟಾಗುತ್ತದೆ. ನೇತ್ರದಾನದ ಮನಸ್ಸಿದ್ದರೆ ಆರು ಗಂಟೆಯೊಳಗೆ ಆಗಬೇಕು: ಫ್ಯಾನ್ ಆರಿಸಿ, ಮುಚ್ಚಿದ ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಗೆ ದಿಂಬು ಕೊಡಿ. ನೇತ್ರ ಬ್ಯಾಂಕಿನ ತಂಡದವರು ಮನೆಗೇ ಬರುತ್ತಾರೆ. ಕಾಯಿಲೆಯ ವಿವರ ಫೋನಿನಲ್ಲೇ ಹೇಳಿದರೆ ಆಗುತ್ತದೋ ಇಲ್ಲವೋ ತಿಳಿಸುತ್ತಾರೆ.

ಫ್ರೀಜರ್ ಬಾಕ್ಸ್ ವಿಚಾರಕ್ಕೆ ಬರುತ್ತೇನೆ, ಮೈದುನ ಬರುವವರೆಗೆ ಕಾಯಬೇಕಲ್ಲ. ಅದು ಸುಮಾರು ಏಳು ಅಡಿ ಉದ್ದದ ಪೆಟ್ಟಿಗೆ. ಮೂವತ್ತು-ನಲವತ್ತು ಸೈಟಿನ ಮನೆಗಳ ಮೆಟ್ಟಿಲಿನಲ್ಲಿ ತಿರುಗುವುದಿಲ್ಲ. ಹಾಗಾಗಿ ದೇಹವನ್ನು ಕೆಳಗಿಳಿಸಿ, ಕಾರು ನಿಲ್ಲಿಸುವ ಜಾಗದಲ್ಲಿ ನೆರಳಿಗೆ ಪೆಟ್ಟಿಗೆ ಇಡಿಸುವುದೇ ಸರಿ. ಕೆಳಗಿನ ಮನೆಯವರನ್ನು ಮೊದಲೇ ಒಂದು ಮಾತು ಕೇಳಿಟ್ಟಿರಿ. ಪೆಟ್ಟಿಗೆ ಬಂದ ಕೂಡಲೇ ದೇಹ ಇಡಬೇಡಿ. ಖಾಲಿಯಾಗಿ ಓಡಿಸಿ, ಒಳಗೆ ಕೈಯಿಟ್ಟು ತಣ್ಣಗಾಗಿದೆಯಾ ನೋಡಿ. ಹಳೆಯ ಪೆಟ್ಟಿಗೆಗಳಲ್ಲಿ ಮೋಟಾರು ಸದ್ದು ಮಾಡುತ್ತದೆ, ಗ್ಯಾಸ್ ಖಾಲಿಯಾಗಿ ತಂಪು ಬರುವುದೇ ಇಲ್ಲ. ಕಂಪ್ರೆಸರ್ ಜಾಲರಿ ಇರುವ ತುದಿ ಗೋಡೆಗೆ ಅಂಟದಂತೆ ಒಂದು ಅಡಿ ಬಿಡಿ. ಬಂದವರು ಹಾರಗಳನ್ನು ತಂದು ಆ ಜಾಲರಿಯ ಮೇಲೇ ಹಾಕುತ್ತಾರೆ, ಬಿಸಿಗಾಳಿ ಹೊರಹೋಗದೆ ತಂಪು ನಿಲ್ಲುತ್ತದೆ. ಒಬ್ಬರನ್ನು ಅದಕ್ಕೇ ನಿಲ್ಲಿಸಿ. ಅಡಿಯಿಂದ ನೀರು ಇಳಿಯುವ ಪೈಪಿಗೆ ಬಕೆಟ್ ಇಡಿ. ಲೋಹದ ಪೆಟ್ಟಿಗೆ, ಸುತ್ತ ನೀರು, ಮುಟ್ಟಿ ಅಳುವ ಜನ: ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ವೈರಿಗೆ ಸಿಕ್ಕಿಸಿದರೆ ಶಾಕ್ ಹೊಡೆದು ಇನ್ನೊಂದು ಜೀವ ಹೋದೀತು. ಮೂರು ಪಿನ್ನಿನ ಪ್ಲಗ್, ದಪ್ಪ ವೈರು, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಜನರನ್ನು ಬಿಡಿ. ಮನೆಯ ಸಣ್ಣ ಯುಪಿಎಸ್ ಮೇಲೆ ಕಂಪ್ರೆಸರ್ ಓಡುತ್ತದೆ ಎಂದು ನಂಬಬೇಡಿ. ಕರೆಂಟ್ ಹೋದರೆ ಮುಚ್ಚಳ ತೆಗೆಯದಿದ್ದರೆ ಸಾಕು, ಸ್ವಲ್ಪ ಹೊತ್ತು ತಡೆಯುತ್ತದೆ.

ಒಂದು ರಾತ್ರಿಯ ಮಟ್ಟಿಗೆ ಪೆಟ್ಟಿಗೆ ಸರಿ. ಅಮೆರಿಕದಿಂದ ಹೊರಟವರು ಮನೆ ಮುಟ್ಟುವುದಕ್ಕೆ ಒಂದೂವರೆ ದಿನವಾದರೂ ಬೇಕು, ಟಿಕೆಟ್ ಸಿಗುವುದು ತಡವಾದರೆ ಇನ್ನೂ ಹೆಚ್ಚು. ಅಷ್ಟು ಹೊತ್ತಿಗೆ ಆಸ್ಪತ್ರೆಯ ಶವಾಗಾರದಲ್ಲಿ ಇರಿಸಿ, ಮೈದುನ ಬೆಂಗಳೂರಿನಲ್ಲಿ ಇಳಿದ ಮೇಲೆ ಮನೆಗೆ ತರುವುದು ಒಳ್ಳೆಯದು. ಅಲ್ಲಿ ಸುಮಾರು 4 ಡಿಗ್ರಿಯಲ್ಲಿ ಕಾಪಿಡುತ್ತಾರೆ. ಯಾವ ಆಸ್ಪತ್ರೆ ಹೊರಗಿನ ದೇಹ ಇಟ್ಟುಕೊಳ್ಳುತ್ತದೆ, ದಿನಕ್ಕೆ ಎಷ್ಟು, ಏನು ಕಾಗದ ಬೇಕು ಎಂಬುದು ನೀವು ಆರಿಸುವವರ ಬಾಯಲ್ಲೇ ಇರಬೇಕು.

ಮೈಸೂರಿನಲ್ಲಿ ಚಾಮುಂಡಿಬೆಟ್ಟದ ತಪ್ಪಲಿನ ಹರಿಶ್ಚಂದ್ರ ಘಾಟ್, ಗೋಕುಲಂ ರುದ್ರಭೂಮಿ, ವಿಜಯನಗರ 4ನೇ ಹಂತದ ಚಿತಾಗಾರ, ಇವು ಹೆಚ್ಚು ಜನ ಹೋಗುವ ಜಾಗಗಳು. ಅಂತ್ಯಕ್ರಿಯೆಯ ಸಮಯ ಅಲ್ಲಿ ಸಿಕ್ಕ ಮೇಲೆಯೇ ನೆಂಟರಿಗೆ ಹೇಳಿ. ಬಹುತೇಕ ಎಲ್ಲರೂ ಮಧ್ಯಾಹ್ನದಿಂದ ಸೂರ್ಯಾಸ್ತದೊಳಗೆ ಮುಗಿಸಬೇಕು ಎನ್ನುವವರೇ. ವಿದ್ಯುತ್ ಕುಲುಮೆಯಲ್ಲಿ ಒಂದು ದೇಹಕ್ಕೆ ಒಂದರಿಂದ ಎರಡು ಗಂಟೆ, ಆಮೇಲೆ ಬೂದಿ ಎಳೆದು ಶುಚಿ ಮಾಡುವ ಹೊತ್ತು. ನಿಮಗಿಂತ ಮುಂದೆ ಇಬ್ಬರಿದ್ದರೆ ಮೂರು ನಾಲ್ಕು ಗಂಟೆ ಬಿಸಿಲಿನಲ್ಲಿ ನಿಂತಿರಬೇಕು. ಕುಲುಮೆ ಕಾದಿದೆಯಾ, ರಿಪೇರಿಗೆ ನಿಂತಿದೆಯಾ ಎಂದು ಆ ದಿನವೇ ಫೋನ್ ಮಾಡಿ ಖಚಿತ ಮಾಡಿಕೊಳ್ಳುವವರು ಬೇಕು. ಕೆಟ್ಟಿದ್ದರೆ ಎರಡನೇ ಜಾಗ ಯಾವುದು ಎಂಬ ಉತ್ತರವೂ ಅವರ ಹತ್ತಿರ ಸಿದ್ಧವಿರಬೇಕು.

ವಿದ್ಯುತ್ ಚಿತಾಗಾರವೋ ಸೌದೆಯೋ ಎಂಬುದು ಮನೆತನದ ನಂಬಿಕೆಯ ಮಾತು. ಕೆಲಸದ ವ್ಯತ್ಯಾಸವಷ್ಟೇ ಹೇಳುತ್ತೇನೆ. ವಿದ್ಯುತ್ತಿನಲ್ಲಿ ಬಿದಿರಿನ ಚಟ್ಟದ ಸಮೇತ ಹಳಿಯ ಮೇಲೆ ಒಳಗೆ ತಳ್ಳುತ್ತಾರೆ. ಬಾಗಿಲು ಎದ್ದ ಕೂಡಲೇ ಝಳ ಮುಖಕ್ಕೆ ಹೊಡೆಯುತ್ತದೆ, ಒಳಗಿನ ಶಾಖಕ್ಕೆ ಬಟ್ಟೆ ಆ ಕ್ಷಣಕ್ಕೇ ಹತ್ತಿಕೊಳ್ಳುತ್ತದೆ. ಮಂತ್ರ, ಬಾಯಿಗೆ ಅಕ್ಕಿ, ಕರ್ಪೂರ, ಕೊನೆಯ ನಮಸ್ಕಾರ ಎಲ್ಲವನ್ನೂ ಹೊರಗಿನ ಕಟ್ಟೆಯಲ್ಲೇ ಮುಗಿಸಬೇಕು, ಬಾಗಿಲ ಹತ್ತಿರ ಮಕ್ಕಳು ವಯಸ್ಸಾದವರು ಬೇಡ. ಪ್ಲಾಸ್ಟಿಕ್ ಹಾರ, ಜರಿ ಸೀರೆ, ತೆಂಗಿನಕಾಯಿ, ಕನ್ನಡಕ, ಔಷಧಿ ಬಾಟಲಿ ಒಳಗೆ ಹೋಗಬಾರದು. ಹತ್ತಿ ಬಟ್ಟೆ ಮಾತ್ರ ಸಾಕು. ಸೌದೆಯಾದರೆ ಮುನ್ನೂರರಿಂದ ನಾನೂರು ಕೆಜಿ ಒಣಸೌದೆ ಬೇಕು. ಮಳೆಗಾಲದಲ್ಲಿ ಹಸಿಸೌದೆ ಕೊಟ್ಟರೆ ಹೊಗೆ ಬರುತ್ತದೆಯೇ ಹೊರತು ಉರಿ ಏಳುವುದಿಲ್ಲ, ಆಮೇಲೆ ಸೀಮೆಎಣ್ಣೆ, ಟೈರು ಎಂದು ಶುರುವಾಗುತ್ತದೆ. ಕೊಳ್ಳಿ ಬಡಿದು ನೋಡಿ, ಒಣಗಿದ್ದು ಠಣಠಣ ಅನ್ನುತ್ತದೆ. ತೂಕ ಎದುರಿಗೇ ಆಗಲಿ.

ಊರಿಗೆ ಒಯ್ಯುವ ಯೋಚನೆ ಬಂದರೆ, ಮಂಡ್ಯ ಸೀಮೆಯಲ್ಲಿ ಸ್ವಂತ ಜಮೀನಿನಲ್ಲಿ ಮಾಡುವುದು ರೂಢಿ. ಜಮೀನು ಜಂಟಿಯಾಗಿದ್ದರೆ ದಾಯಾದಿಗಳೆಲ್ಲ ಒಪ್ಪಿದ್ದಾರೆಯೇ ಎಂದು ಈಗಲೇ ಕೇಳಿಬಿಡಿ. ನಾಲೆಗೆ ನೀರು ಬಿಟ್ಟಿರುವಾಗ ಗದ್ದೆಯ ಬದುವಿನ ಮೇಲೆ ಶವವಾಹನ ಹೋಗುವುದಿಲ್ಲ, ಕೊನೆಯ ದೂರವನ್ನು ಹೆಗಲ ಮೇಲೆ ಒಯ್ಯಬೇಕು. ಹೂಳುವುದಾದರೆ ಜೌಗು ಜಾಗದಲ್ಲಿ ಗುಂಡಿಗೆ ನೀರು ಒಸರುತ್ತದೆ, ಎತ್ತರದ ಜಾಗ ನೋಡಿಸಿ.

ಈಗ ದುಡ್ಡು. ಮೂವರಿಗೂ ಒಂದೇ ವಾಟ್ಸ್ಯಾಪ್ ಮೆಸೇಜ್ ಕಳಿಸಿ, ಬಾಬ್ತುವಾರು ಬರೆದುಕೊಡಲು ಹೇಳಿ: ವಾಹನ ಎಷ್ಟು ಕಿಲೋಮೀಟರಿಗೆ, ಕಾಯುವುದಕ್ಕೆ ಗಂಟೆಗೆ ಎಷ್ಟು, ಫ್ರೀಜರ್ 24 ಗಂಟೆಗೋ ರಾತ್ರಿಗೋ, ಎತ್ತುವ ಜನ ಎಷ್ಟು, ಚಟ್ಟ ಮಡಕೆ ಬಟ್ಟೆ, ಹೂವು, ತಮಟೆ, ಪುರೋಹಿತರ ದಕ್ಷಿಣೆ, ರುದ್ರಭೂಮಿಯ ಶುಲ್ಕ, ಅಲ್ಲಿಯ ಕೆಲಸದವರಿಗೆ ಕೊಡುವುದು. ಕಡಿಮೆ ಹೇಳಿದವರ ಪಟ್ಟಿಯಲ್ಲಿ ಕೊನೆಯ ಮೂರು ಇರುವುದಿಲ್ಲ, ಅಲ್ಲೇ ಮೊತ್ತ ಏರುತ್ತದೆ. ರುದ್ರಭೂಮಿಯ ಶುಲ್ಕಕ್ಕೆ ರಸೀದಿ ನಿಮ್ಮ ಹೆಸರಿನಲ್ಲೇ ಬರಲಿ. ಇನ್ನೊಂದು: ಅಂತ್ಯಕ್ರಿಯೆ, ಹೂಳುವುದು, ಚಿತಾಗಾರ, ಶವಾಗಾರ, ಶವ ಸಾಗಣೆ ಇವುಗಳಿಗೆ ಜಿಎಸ್‌ಟಿ ಇಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 3ನೇ ಅನುಸೂಚಿಯೇ ಅದನ್ನು ಹೊರಗಿಟ್ಟಿದೆ. ಬಿಲ್ಲಿನಲ್ಲಿ ಈ ಬಾಬ್ತುಗಳ ಮೇಲೆ ತೆರಿಗೆ ಹಾಕಿದ್ದರೆ ತೆಗೆಸಿ. ಪೂರ್ತಿ ಮುಂಗಡ ಕೇಳಿದರೆ ಕೊಡಬೇಡಿ.

ಬೂದಿ ಕುಲುಮೆಯಿಂದ ಅವತ್ತೇ ಸಿಗುತ್ತದೆ, ದೊಡ್ಡವರದಾದರೆ ಎರಡು ಮೂರು ಕೆಜಿ. ಹಿಂದಿನವರದನ್ನು ಪೂರ್ತಿ ಎಳೆದಿದ್ದಾರೆಯೇ ಎಂದು ಮನೆಯ ಒಬ್ಬರು ನಿಂತು ನೋಡಲಿ, ಕೇಳಿದರೆ ಬೇಡ ಎನ್ನುವುದಿಲ್ಲ. ಬಿಸಿ ಇರುವಾಗ ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಹೊಸ ಮಡಕೆ, ಬಾಯಿಗೆ ಬಟ್ಟೆ. ವಿಸರ್ಜನೆಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯೇ ನಿಮಗೆ ಹತ್ತಿರ. ಅಲ್ಲಿಯ ಕ್ರಿಯೆಗೆ ಪುರೋಹಿತರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ಸ್ನಾನಘಟ್ಟಗಳಿಗೆ ಇಳಿಯಲು ಬಿಡುವುದಿಲ್ಲ. ಹಾಗಾದರೆ ಮಡಕೆ ಕಾಪಾಡಿಕೊಂಡು ನೀರು ಇಳಿದ ಮೇಲೆ ಹೋಗಿ.

ಮರಣ ನೋಂದಣಿ ಆಗುವುದು ಸಾವು ಆದ ಜಾಗದಲ್ಲಿ, ಸುಟ್ಟ ಜಾಗದಲ್ಲಲ್ಲ. ಮೈಸೂರಿನ ಮನೆಯಲ್ಲಿ ಹೋಗಿ ಪಾಂಡವಪುರದಲ್ಲಿ ಮಣ್ಣಾದರೂ ನೋಂದಣಿ ಮೈಸೂರು ಮಹಾನಗರ ಪಾಲಿಕೆಯಲ್ಲೇ. 21 ದಿನದೊಳಗೆ ಉಚಿತ, 30 ದಿನದವರೆಗೆ ದಂಡ, ಆಮೇಲೆ ಮೇಲಿನ ಅಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ. 'ನೋಂದಣಿ ನಾವೇ ಮಾಡಿಸುತ್ತೇವೆ' ಎಂದು ಅವರು ಹೇಳಿದರೂ ಅರ್ಜಿಯ ಹೆಸರು ನೀವೇ ಓದಿ. ಆಧಾರಿನಲ್ಲಿ 'ಜಯಮ್ಮ', ಬ್ಯಾಂಕಿನಲ್ಲಿ 'ಜಯಲಕ್ಷ್ಮಮ್ಮ' ಎಂದಿದ್ದರೆ ಪಿಂಚಣಿ, ಎಲ್‌ಐಸಿ, ಪಹಣಿ ಖಾತೆ ಮೂರೂ ಕಡೆ ತಿಂಗಳುಗಟ್ಟಲೆ ಅಲೆಸುತ್ತಾರೆ. ಅತ್ತೆಯವರ ಪಾಸ್‌ಬುಕ್ ತೆಗೆದು ಹೆಸರು ಇವತ್ತೇ ಹೋಲಿಸಿ ನೋಡಿ.